ಕೈ ಚಾಚಿದ ಕೋಶ

ಸಂಜೆ ತಾಸೊತ್ತು ಬಿಡುವು ಸಿಕ್ಕರೆ ಪೆನ್ಸಿಲ್ ಹಿಡಿದು ಜೀವಕೋಶಗಳ ಚಿತ್ರ ಬರೆಯುತ್ತ ಕೂರುತ್ತೇನೆ. ಅದರಲ್ಲೂ ರೋಗನಿರೋಧಕ ಪಡೆಯ ಡೆಂಡ್ರಿಟಿಕ್ ಕೋಶವೆಂದರೆ ನನಗೆ ಎಲ್ಲಿಲ್ಲದ ಪ್ರೀತಿ. ಮೈತುಂಬ ಟೊಂಗೆಗಳಿರುವ ಈ ಕೋಶ ಎಷ್ಟು ಬರೆದರೂ ಬೇಸರ ತರುವುದಿಲ್ಲ.

ನಮ್ಮ ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿನ ಹಳ್ಳಿಗರ ಮೂರ್ತಿಗಳಲ್ಲಿ ಬಾಗಿದ ಬೆನ್ನು, ಕೈಯ ಹಿಡಿತ ನೋಡಿದರೆ ಸಾಕು, ಕಸುಬು ತಿಳಿದುಬಿಡುತ್ತದೆ. ಕೋಶದ ನಿಲುವಿನಲ್ಲಿ ನಾನು ಹುಡುಕುವುದೂ ಅದನ್ನೇ.

1868ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಇಂಥ ಟೊಂಗೆಯ ಕೋಶಗಳನ್ನು ಕಂಡು, ನರಕ್ಕೆ ಸೇರಿದವೆಂದು ತಿಳಿದ. ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಡೆಂಡ್ರಿಟಿಕ್ ಕೋಶವನ್ನು ಗುರುತಿಸಿದ್ದು 1973ರಲ್ಲಿ. 2011ರ ನೊಬೆಲ್ ಸ್ಟೈನ್‌ಮನ್‌ಗೆ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನಗೆ ಅಚ್ಚುಮೆಚ್ಚಿನ ವಸ್ತು, ಕೂಸಿನ ಎಡತೋಳಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಚುಚ್ಚಿದ ಜಾಗ. ಮೊದಲ ಚಿತ್ರದಲ್ಲಿ ಕೋಶ ಇನ್ನೂ ಎಳೆಯದು. ಸಿಕ್ಕಿದ ಬ್ಯಾಕ್ಟೀರಿಯವನ್ನು ನುಂಗುತ್ತಿದೆ. ಎರಡನೆಯದರಲ್ಲಿ ಬಗಲಿನ ದುಗ್ಧಗ್ರಂಥಿಯತ್ತ ಹೊರಟಿದೆ. ಈಗ ಅದಕ್ಕೆ ನುಂಗುವ ಹಂಬಲ ಕಡಿಮೆ, ತೋರಿಸುವ ತವಕ ಹೆಚ್ಚು. ಟೊಂಗೆಗಳನ್ನು ಉದ್ದಕ್ಕೆ ಎಳೆಯುತ್ತೇನೆ. ಮೂರನೆಯದು ಭೇಟಿ. ಗುಂಡಗಿನ ಸಹಾಯಕ ಟಿ ಕೋಶಗಳು ಒಂದೊಂದಾಗಿ ಬಂದು ಸವರಿ ಹೋಗುತ್ತವೆ. ಡೆಂಡ್ರಿಟಿಕ್ ಕೋಶ ಎತ್ತಿ ಹಿಡಿದ ಬ್ಯಾಕ್ಟೀರಿಯದ ಚೂರಿನ ಗುರುತು ಹತ್ತುವುದು ಲಕ್ಷದಲ್ಲೊಂದಕ್ಕೋ ಏನೋ. ಗುರುತು ಹತ್ತಿದರಷ್ಟೇ ಸಾಲದು. ಡೆಂಡ್ರಿಟಿಕ್ ಕೋಶದ ಮೈಮೇಲಿನ ಇನ್ನೊಂದು ಪ್ರೋಟೀನು ಟಿ ಕೋಶವನ್ನು ಮುಟ್ಟಿ ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಟಿ ಕೋಶ ಮಂಕಾಗಿಬಿಡುತ್ತದೆ. ಸುಮ್ಮಸುಮ್ಮನೆ ಕಾಳಗ ಹೂಡದ ಈ ಎಚ್ಚರ ನನ್ನನ್ನು ಬೆರಗುಗೊಳಿಸುತ್ತದೆ.

ಆಮೇಲೆ ಕೆಂಪು ಶಾಯಿಯ ಚುಕ್ಕೆ ಇಡುತ್ತೇನೆ. ಅದು ಇಂಟರ್‌ಲ್ಯೂಕಿನ್-12. ಡೆಂಡ್ರಿಟಿಕ್ ಕೋಶ ಸುರಿಸುವ ಈ ರಾಸಾಯನಿಕ ತಗುಲಿದ ಟಿ ಕೋಶ ಟಿಎಚ್1 ಆಗುತ್ತದೆ. ಇಂಟರ್‌ಫೆರಾನ್-ಗಾಮಾ ಸ್ರವಿಸಿ, ಕ್ಷಯದಂಥ ರೋಗದ ಬ್ಯಾಕ್ಟೀರಿಯವನ್ನು ಒಡಲೊಳಗೆ ಇಟ್ಟುಕೊಂಡ ಮ್ಯಾಕ್ರೋಫೇಜುಗಳಿಗೆ ಅದನ್ನು ಕೊಲ್ಲುವ ಕಸುವು ತುಂಬುತ್ತದೆ. ಯಾವ ಬಗೆಯ ಕಾಳಗವೆಂಬುದು ಈ ಭೇಟಿಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಹಾಗಾಗಿ ಚುಕ್ಕೆಗಳನ್ನು ಅವಸರದಲ್ಲಿ ಇಡಲು ನನಗೆ ಮನಸ್ಸು ಬಾರದು.

ಸದ್ಯ ಬರೆಯುತ್ತಿರುವುದು ಕರುಳಿನ ಹುಳುವಿನ ಪ್ರಸಂಗ. ಇಲ್ಲಿ ಟಿ ಕೋಶ ಟಿಎಚ್2 ಆಗಬೇಕು, ಅದಕ್ಕೆ ಇಂಟರ್‌ಲ್ಯೂಕಿನ್-4 ಬೇಕು. ಚೂರು ತೋರಿಸುವುದು ಡೆಂಡ್ರಿಟಿಕ್ ಕೋಶವೇ ಆದರೂ ಈ ರಾಸಾಯನಿಕ ಹೆಚ್ಚಾಗಿ ಬರುವುದು ಬೇರೆ ಕೋಶಗಳಿಂದ. ಆದ್ದರಿಂದ ಈ ಹಾಳೆಯಲ್ಲಿ ನೀಲಿ ಚುಕ್ಕೆಗಳನ್ನು ಅಂಚಿನಿಂದ ಒಳಕ್ಕೆ ಇಡುತ್ತ ಬಂದಿದ್ದೇನೆ.