ಸಾಸ್ವೆಹಳ್ಳಿಯ ಖಡಕ್ ರೊಟ್ಟಿ ಮತ್ತು ಅಪ್ಪನ ಸೂಪ್ ಬಟ್ಟಲು

ಹೊನ್ನಾಳಿಯಲ್ಲಿ ಸಾಸ್ವೆಹಳ್ಳಿ ಬಸ್ ಹತ್ತಿದಾಗ ನನ್ನ ಬ್ಯಾಗ್‌ನಲ್ಲಿ ಲ್ಯಾಪ್‌ಟಾಪ್ ಜೊತೆ ಎರಡು ಪ್ಯಾಕೆಟ್ ಕ್ರೂಟಾನ್ ಇದ್ದವು. ಆಫೀಸ್ ಕ್ಯಾಂಟೀನ್‌ನಲ್ಲಿ ಸೂಪ್ ಮೇಲೆ ತೇಲುವ, ಸಲಾಡ್ ನಡುವೆ ಕರುಂ ಕುರುಂ ಅನ್ನುವ ಮಸಾಲೆ ಬ್ರೆಡ್ ಚೂರು ಇದ್ಯಲ್ಲ, ಅದೇ. ತಿಂಗಳ ಹಿಂದೆ ಅಪ್ಪನಿಗೆ ಬಿಪಿ ಏರಿ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಉಪ್ಪು ಅರ್ಧಕ್ಕೆ ಇಳಿಸಿ ಅಂದರು ಡಾಕ್ಟರ್. ಅವ್ವ ಇಳಿಸಿದಳು. ಅಪ್ಪ ಉಪ್ಪಿನ ಜೊತೆ ಊಟವನ್ನೂ ಅರ್ಧಕ್ಕೆ ಇಳಿಸಿಬಿಟ್ಟರು. ಫೋನ್ ಮಾಡಿದಾಗಲೆಲ್ಲ ಅವ್ವನದು ಒಂದೇ ಮಾತು: "ಬಾಯಿಗೆ ರುಚಿ ಹತ್ತವಲ್ದು ಅಂತಾರೆ." ಬೆಂಗಳೂರಿನ ಬುದ್ಧಿ ನಂದು. ಸೂಪ್ ಮಾಡಿ ಮೇಲೆ ಇದನ್ನ ಉದುರಿಸಿಕೊಟ್ರೆ ತಿಂತಾರೆ ಅಂದುಕೊಂಡೆ.

ನಮ್ಮೂರನ್ನ ಗೊತ್ತಿಲ್ಲದವರೂ ಸಾಸ್ವೆಹಳ್ಳಿ ಏತ ನೀರಾವರಿ ಅನ್ನೋ ಹೆಸರನ್ನ ಪೇಪರ್‌ನಲ್ಲಿ ಓದಿರ್ತೀರಿ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗಿ ಈ ಕಡೆ ಹರಿದು ಬರ್ತಾಳೆ. ಸುತ್ತ ಗದ್ದೆ, ಅಡಿಕೆ ತೋಟ. ಹೆಸರಲ್ಲೇ ಸಾಸ್ವೆ ಇಟ್ಟುಕೊಂಡ ಊರು. ಒಗ್ಗರಣೆ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಬಾಲ್ಯದಲ್ಲಿ ಜಂಬ ಕೊಚ್ಚಿಕೊಳ್ತಿದ್ವಿ.

ರಾತ್ರಿ ಟೊಮೆಟೊ ಸೂಪ್ ಮಾಡಿ ಒಂದು ಹಿಡಿ ಕ್ರೂಟಾನ್ ಹಾಕಿಕೊಟ್ಟೆ. ಅಪ್ಪ ಬಟ್ಟಲು ಖಾಲಿ ಮಾಡಿ "ಇನ್ನೊಂದೀಟು ಹಾಕು" ಅಂದರು. ನನಗೆ ಖುಷಿಯೋ ಖುಷಿ. ಅವ್ವ ಮಾತ್ರ ಒಂದು ಚೂರು ಬಾಯಿಗೆ ಹಾಕ್ಕೊಂಡವಳೇ ಪ್ಯಾಕೆಟ್ ನನ್ನ ಕೈಗಿಟ್ಟಳು. "ಇದ್ರಾಗೆ ಉಪ್ಪು ಎಷ್ಟೈತಿ ಓದು."

ಓದಿದೆ. 100 ಗ್ರಾಂಗೆ 465 ಕ್ಯಾಲೊರಿ, 18 ಗ್ರಾಂ ಕೊಬ್ಬು, ಸೋಡಿಯಂ 1,100 ಮಿಲಿಗ್ರಾಂ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ, ಅಂದ್ರೆ ಸುಮಾರು 2.75 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪ ಎರಡು ಸಲ ಹಾಕಿಸಿಕೊಂಡಿದ್ದರಲ್ಲ, 60 ಗ್ರಾಂ ಹಿಡಿದರೂ ಅದರಲ್ಲೇ ಒಂದೂವರೆ ಗ್ರಾಂ ದಾಟಿತು. ಸೂಪ್‌ಗೆ ಹಾಕಿದ ಉಪ್ಪು ಬೇರೆ. ಸಾಫ್ಟ್‌ವೇರ್‌ನಲ್ಲಿ ದಿನವಿಡೀ ಟೆಸ್ಟಿಂಗ್ ಮಾಡುವ ನಾನು ಪ್ಯಾಕೆಟ್ ಹಿಂಬದಿ ನೋಡಿರಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮಂಡಕ್ಕಿ ನೆನಪಾಯ್ತು. ದಾವಣಗೆರೆ ಜಿಲ್ಲೆಯವರಿಗೆ ಬೇರೇನು ನೆನಪಾಗಬೇಕು ಹೇಳಿ! ಎಣ್ಣೆ ಕಮ್ಮಿ, ಹಗುರ, ಒಂದು ಕಪ್‌ಗೆ 55-60 ಕ್ಯಾಲೊರಿ ಅಷ್ಟೇ. ಅವ್ವ ಅದಕ್ಕೂ ತಲೆ ಅಲ್ಲಾಡಿಸಿದಳು. ಭಟ್ಟಿಯಲ್ಲಿ ಬಿಸಿ ಮರಳಿಗೆ ಹಾಕುವ ಮೊದಲೇ ಅಕ್ಕಿಗೆ ಉಪ್ಪುನೀರು ಹಚ್ಚಿರುತ್ತಾರೆ. ನಾಲಿಗೆ ಮೇಲಿಟ್ಟರೆ ಗೊತ್ತಾಗುತ್ತೆ. ಅದೂ ಅಲ್ಲದೆ ಸೂಪ್‌ಗೆ ಬಿದ್ದ ಮಂಡಕ್ಕಿ ಎಣಿಸೋದ್ರೊಳಗೆ ಮೆತ್ತಗಾಗುತ್ತೆ.

ಆಮೇಲೆ ಅವಳೇ ನೆಲುವಿನ ಬುಟ್ಟಿಯಿಂದ ಜೋಳದ ಖಡಕ್ ರೊಟ್ಟಿ ತೆಗೆದಳು. ನಮ್ಮನೇಲಿ ರೊಟ್ಟಿ ಹಿಟ್ಟಿಗೆ ಉಪ್ಪು ಹಾಕಲ್ಲ, ಎಣ್ಣೆಯೂ ಇಲ್ಲ. ಹಿಟ್ಟು, ಬಿಸಿನೀರು, ಬೆಂಕಿ, ಮುಗೀತು. ಫ್ರೆಂಚರು ಹಳೇ ಬ್ರೆಡ್ಡಿನ ಚೂರುಗಳನ್ನ ಹುರಿದು ಕ್ರೂಟಾನ್ ಅಂತ ಹೆಸರಿಟ್ಟರು. ಒಣಗಿದ್ದನ್ನ ಬಿಸಾಕದೆ ತಿನ್ನುವ ಯೋಚನೆ ನಮ್ಮ ಬುಟ್ಟಿಯಲ್ಲೂ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರಿನಂಶ. ಗ್ಲುಟೆನ್ ಇಲ್ಲ. ಹಾಗಂತ ಶುಗರ್ ಇರೋರು ತಟ್ಟೆಗಟ್ಟಲೆ ತಿನ್ನೋಕೆ ಹೋಗಬೇಡಿ, ಪಿಷ್ಟ ಪಿಷ್ಟವೇ. ಒಂದು ಹಿಡಿ ಸಾಕು.

ಮಾಡಿದ್ದು ಹೀಗೆ. ಎರಡು ರೊಟ್ಟಿಯನ್ನ ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ ಮುರಿದೆವು. ಕಬ್ಬಿಣದ ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ, ಸಾಸಿವೆ ಸಿಡಿದ ಮೇಲೆ ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಕರಿಬೇವು. ಬೆಳ್ಳುಳ್ಳಿ ಪೂರ್ತಿ ಗರಿಗರಿ ಆಗೋ ತನಕ ಕಾಯಬೇಕು, ಹಸಿ ಉಳಿದರೆ ಡಬ್ಬಿಯಲ್ಲಿ ರೊಟ್ಟಿಯನ್ನೂ ಮೆತ್ತಗೆ ಮಾಡುತ್ತೆ. ಆಮೇಲೆ ಉರಿ ಸಣ್ಣ ಮಾಡಿ ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ರೊಟ್ಟಿ ಚೂರು. ಮೂರು ನಿಮಿಷ ಕೈಯಾಡಿಸಿ ಇಳಿಸಿದೆವು. ಕೊನೆಗೆ ನಾನು ತಂದಿದ್ದ ಆಮ್‌ಚೂರ್ ಅರ್ಧ ಚಮಚ. ನಿಂಬೆರಸ ಬೇಡ, ನೀರಾಗುತ್ತೆ. ಹುಳಿ, ಖಾರ, ಬೆಳ್ಳುಳ್ಳಿ ವಾಸನೆ ಮೂರೂ ಸೇರಿದಾಗ ನಾಲಿಗೆ ಉಪ್ಪನ್ನ ಅಷ್ಟಾಗಿ ಹುಡುಕಲ್ಲ.

ಮಧ್ಯಾಹ್ನ ಬೇಳೆ ಸಾರಿನ ಮೇಲೆ ಉದುರಿಸಿ ಅಪ್ಪನ ಮುಂದಿಟ್ಟೆ. ಒಂದು ಚಮಚ ತಿಂದು ಸುಮ್ಮನಾದರು. ಎದೆ ಡವಡವ. ಆಮೇಲೆ ಕೇಳಿದರು, "ಇದಕ್ಕೆ ಉಪ್ಪು ಹಾಕಿಯೇನು?" ಇಲ್ಲ ಅಂದೆ. "ಸುಳ್ಳು ಹೇಳ್ಬೇಡ" ಅಂದರು. ಅವ್ವ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಉಳಿದ ಮೂರು ದಿನ ಇದೇ ಆಟ. ಹೆಸರುಬೇಳೆ ಕೋಸಂಬರಿಗೆ ಹಾಕಿದೆ, ಚೆನ್ನಾಗಿತ್ತು. ಉಪ್ಪಿಟ್ಟಿನ ಮೇಲೆ ಅಷ್ಟೇನಿಲ್ಲ. ಗಟ್ಟಿ ಮೊಸರಿಗೆ ಹಸಿ ಈರುಳ್ಳಿ, ಸೌತೆಕಾಯಿ ಹೆಚ್ಚಿ ಹಾಕಿ ಮೇಲೆ ಇದನ್ನ ಉದುರಿಸಿದ್ದು ಎಲ್ಲಕ್ಕಿಂತ ಮೇಲು. ತಿನ್ನುವ ಹೊತ್ತಿಗೇ ಉದುರಿಸಿ, ಮೊದಲೇ ಹಾಕಿಟ್ಟರೆ ಮುದ್ದೆಯಾಗುತ್ತೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ವಾರ ಗರಿಗರಿ ಇರುತ್ತೆ. ಪಿಜಿಯಲ್ಲಿರೋರಿಗೆ ಖಾನಾವಳಿಯ ಖಡಕ್ ರೊಟ್ಟಿಯೂ ಆದೀತು, ಆದರೆ ಉಪ್ಪು ಹಾಕಿದ್ದಾರಾ ಅಂತ ಕೇಳಿ ತಗೊಳ್ಳಿ. ಹಳೇ ಬ್ರೆಡ್ಡಲ್ಲೂ ಮಾಡಬಹುದು, ಆದರೆ ಬ್ರೆಡ್ಡಿನೊಳಗೇ ಉಪ್ಪಿರುತ್ತೆ ಅನ್ನೋದು ನೆನಪಿರಲಿ.

ಹೊರಡುವಾಗ ಅವ್ವ ಇಪ್ಪತ್ತು ರೊಟ್ಟಿಯನ್ನ ಪೇಪರ್‌ನಲ್ಲಿ ಸುತ್ತಿ ಕೊಟ್ಟಳು. ನನ್ನ ಎರಡನೇ ಪ್ಯಾಕೆಟ್ ಒಡೆಯದೇ ವಾಪಸ್ ಬಂತು. ಶಿವಮೊಗ್ಗದಲ್ಲಿ ರೈಲು ಹತ್ತಿ ನೋಡಿದರೆ ಅರ್ಧ ರೊಟ್ಟಿ ಚೂರು ಚೂರಾಗಿತ್ತು. ಇರಲಿ, ಮುರಿಯೋ ಕೆಲಸ ಉಳೀತು.