ಮುಂದಿನ ಜಾತ್ರೆಗೆ

2003ರ ಜೂನ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ವಿಟಾಲಿ ಕ್ಲಿಚ್ಕೊ ನಡುವಿನ ಹೆವಿವೇಟ್ ಪಂದ್ಯವನ್ನು ಆರು ಸುತ್ತು ಮುಗಿದ ಮೇಲೆ ವೈದ್ಯರು ನಿಲ್ಲಿಸಿದರು. ಕ್ಲಿಚ್ಕೊನ ಎಡಗಣ್ಣಿನ ಮೇಲೆ ಅಷ್ಟು ಆಳದ ಗಾಯವಾಗಿತ್ತು. ಗೆದ್ದವನು ಲೂಯಿಸ್. ಆದರೆ ಆ ಹೊತ್ತಿಗೆ ಮೂವರು ತೀರ್ಪುಗಾರರ ಲೆಕ್ಕದಲ್ಲೂ 58-56ರಿಂದ ಮುಂದಿದ್ದವನು ಸೋತ ಕ್ಲಿಚ್ಕೊ. ಇಂಥದ್ದು ಇನ್ನೊಮ್ಮೆ ನಡೆಯದೆ ಇದ್ದೀತೆ ಎಂದು ಜನ ಕಾದರು. ನಡೆಯಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಲೂಯಿಸ್ ನಿವೃತ್ತಿ ಘೋಷಿಸಿದ. ಆಗವನಿಗೆ 38 ವರ್ಷ.

ಅವನು ಹೆದರಿದ ಎನ್ನುವವರು ಇನ್ನೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಠಾಣಾ ಕುಶನೂರ ಸೀಮೆಯ ಜಾತ್ರೆ ಕುಸ್ತಿಗಳನ್ನು ನೋಡುತ್ತ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣದು. ನಮ್ಮಲ್ಲಿ ಮಧ್ಯಾಹ್ನ ಇಳಿದ ಮೇಲೆ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗುತ್ತದೆ. ಆಮೇಲೆ ಹತ್ತು, ಐವತ್ತು, ನೂರು ಎಂದು ಪಣ ಏರುತ್ತ, ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕೊನೆಯ ಜೋಡಿ ಇಳಿಯುತ್ತದೆ. ಎಷ್ಟೋ ಸಲ ಅದು ಚಿತ್ ಆಗುವುದೇ ಇಲ್ಲ. ಕತ್ತಲಾಗುತ್ತದೆ, ಪಂಚರು ಇಬ್ಬರ ಕೈಯನ್ನೂ ಎತ್ತುತ್ತಾರೆ, ಮೈಕಿನವನು ಕೂಗುತ್ತಾನೆ: 'ಮುಂದಿನ ಜಾತ್ರೀಗಿ ಇದೇ ಜೋಡಿ!' ಜನ ಸೀಟಿ ಹೊಡೆಯುತ್ತಾರೆ. ಹಾಗೆ ಕೂಗಿದ ಜೋಡಿ ಮರುವರ್ಷ ಅದೇ ಮಣ್ಣಿಗೆ ಇಳಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ನಮ್ಮ ಮುತ್ಯಾ ಅಂಥ ಒಂದು ಜೋಡಿಯ ಅರ್ಧ. 1971ರ ಜಾತ್ರೆಯಲ್ಲಿ ಉದಗೀರ ಕಡೆಯ ಪೈಲ್ವಾನನೊಬ್ಬನ ಜೊತೆ ಹಿಡಿದ ಕುಸ್ತಿ ಬರಾಬರಿಯಾಯಿತು. ಮುಂದಿನ ಜಾತ್ರೆಗೆ ಎಂದರು. ಮುಂದೆ ಬಂದದ್ದು 1972ರ ಬರ. ಪೈಲ್ವಾನನ ಮೈ ಕಣಜದಲ್ಲಿ ತುಂಬಿಟ್ಟ ಜೋಳವಲ್ಲ, ಬೇಕಾದಾಗ ತೆಗೆಯಲು ಬರುವುದಿಲ್ಲ. ದಿನಾ ತಾಲೀಮು ಬೇಕು, ದಿನಾ ಖುರಾಕು ಬೇಕು: ಹಾಲು, ತುಪ್ಪ, ಬಾದಾಮಿ. ಒಳ್ಳೆಯ ಕಾಲದಲ್ಲಿ ಇದಕ್ಕೆ ಊರವರೂ ಕೈ ಹಚ್ಚುತ್ತಿದ್ದರು. ಎಮ್ಮೆಯನ್ನೇ ಮಾರಿದ ಮನೆಯಲ್ಲಿ ಖುರಾಕಿನ ಮಾತೆಲ್ಲಿ? ಮುತ್ಯಾ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ. ಉದಗೀರದವನು ಮುಂಬೈಗೆ ಹೋದನೆಂದು ಸುದ್ದಿ ಬಂತು.

ಬರ ಒಂದು ಕಾರಣ, ನಿಜ. ಆದರೆ ಮಳೆ ಬಂದ ಮೇಲೂ ಯಾಕೆ ಆಗಲಿಲ್ಲ ಎಂದು ಕೇಳಿದರೆ ಮುತ್ಯಾನ ಉತ್ತರ ಒಂದೇ: 'ಅಂವ ಬರಲಿಲ್ಲಂದ್ರ ನಾ ಏನ್ ಮಾಡ್ಲಿ?' ಉದಗೀರದವನೂ ಅವನ ಕಡೆ ಇದನ್ನೇ ಹೇಳುತ್ತಿದ್ದನಂತೆ. ನಮ್ಮೂರಲ್ಲಿ, ಇನ್ನೆರಡು ನಿಮಿಷ ಬೆಳಕಿದ್ದರೆ ಅವನ ಬೆನ್ನಿಗೆ ಮಣ್ಣು ಹತ್ತುತ್ತಿತ್ತು ಎಂಬ ಮಾತು. ಅವನ ಊರಲ್ಲಿ ಮುತ್ಯಾನ ಬೆನ್ನಿಗೆ. ಕುಸ್ತಿ ಮತ್ತೆ ಆಗದಷ್ಟು ದಿನ ಇಬ್ಬರೂ ಗೆದ್ದವರೇ. ಈ ಸವಲತ್ತನ್ನು ಯಾರು ತಾನಾಗಿ ಬಿಟ್ಟುಕೊಟ್ಟಾರು?

ಲೂಯಿಸ್‌ನ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರೆಹಮಾನ್ ಅವನನ್ನು ಒಂದೇ ಹೊಡೆತಕ್ಕೆ ಕೆಡವಿದ್ದ. ಕರಾರಿನಲ್ಲಿ ಮರುಪಂದ್ಯದ ಷರತ್ತಿತ್ತು. ರೆಹಮಾನ್ ಬೇರೆ ದಾರಿ ನೋಡತೊಡಗಿದಾಗ ಲೂಯಿಸ್ ಕೋರ್ಟಿಗೆ ಹೋಗಿ, ಗೆದ್ದು, ನವೆಂಬರ್‌ನಲ್ಲಿ ಅವನನ್ನು ನಾಲ್ಕನೇ ಸುತ್ತಿನಲ್ಲಿ ಮಲಗಿಸಿ ಪಟ್ಟ ವಾಪಸ್ ಪಡೆದ. ಮರುಪಂದ್ಯಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದವನೇ ಎರಡು ವರ್ಷದ ಬಳಿಕ ಮರುಪಂದ್ಯ ಬೇಡವೆಂದ. ಧೈರ್ಯ ಹೋಗಿರಲಿಲ್ಲ, ಕೂತ ಜಾಗ ಬದಲಾಗಿತ್ತು. ಮೊದಲ ಸಲ ಕಳೆದುಕೊಂಡವನು ಅವನು, ಎರಡನೇ ಸಲ ಕಳೆದುಕೊಳ್ಳಲು ಇದ್ದವನು ಅವನು. ನಮ್ಮ ಜಾತ್ರೆಯಲ್ಲಂತೂ ಕರಾರು, ಷರತ್ತು ಏನೂ ಇಲ್ಲ. ಮೈಕಿನವನ ಬಾಯಿಮಾತೇ ಎಲ್ಲ.

ಕಾದ ಕುಸ್ತಿ ಕೊನೆಗೂ ನಡೆದದ್ದಕ್ಕೂ ಒಂದು ಉದಾಹರಣೆ ಇದೆ, ಗಾಮಾ ಪೈಲ್ವಾನನದು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಝ್ಬಿಸ್ಕೊ ಅವನೆದುರು ಎರಡೂವರೆ ತಾಸಿಗೂ ಹೆಚ್ಚು ಹೊತ್ತು, ಬಹುಪಾಲು ನೆಲಕ್ಕೆ ಅಂಟಿಕೊಂಡೇ ಉಳಿದ. ತೀರ್ಮಾನವಾಗಲಿಲ್ಲ. ವಾರ ಬಿಟ್ಟು ಮತ್ತೆ ಎಂದರು. 17ರಂದು ಝ್ಬಿಸ್ಕೊ ಬರಲೇ ಇಲ್ಲ, ಪಟ್ಟ ಗಾಮಾನಿಗೆ ಸಿಕ್ಕಿತು. ಇಬ್ಬರೂ ಮತ್ತೆ ಎದುರಾದದ್ದು 1928ರಲ್ಲಿ, ಪಟಿಯಾಲಾದಲ್ಲಿ, ಇಬ್ಬರಿಗೂ ಐವತ್ತರ ಆಸುಪಾಸು. ಒಂದು ನಿಮಿಷದೊಳಗೆ ಗಾಮಾ ಗೆದ್ದ. ಹದಿನೇಳು ವರ್ಷದ ಕುತೂಹಲ ಬೀಡಿ ಹಚ್ಚುವಷ್ಟರಲ್ಲಿ ಮುಗಿಯಿತು. ಅದನ್ನು ನೋಡಲು ದೂರದಿಂದ ಬಂದವರ ಬಗ್ಗೆ ನನಗೆ ಕನಿಕರವಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸಂಬಂಧಿಕರ ಮದುವೆಯೊಂದಕ್ಕೆ ಉದಗೀರದ ಆ ಮುದುಕ ಬಂದಿದ್ದ. ಬೀಗರ ಕಡೆಯವನು. ಸುದ್ದಿ ಹಬ್ಬಿ ಪೆಂಡಾಲಿನ ಹುಡುಗರೆಲ್ಲ ಇಬ್ಬರ ಸುತ್ತ ಸೇರಿದರು.

'ಖುರಾಕ ನಡ್ದದೇನ್ರಿ ಪೈಲ್ವಾನ್?' ಎಂದ ಮುತ್ಯಾ.

'ಈಗ ಬೀಪಿ ಗುಳಗೀನೇ ಖುರಾಕ.'

ಇಬ್ಬರೂ ನಕ್ಕರು. ಆಮೇಲೆ ತೊಗರಿ ರೇಟಿನ ಮಾತು, ಮಂಡಿಚಿಪ್ಪಿನ ನೋವಿನ ಮಾತು. ಅವತ್ತು ಬೆಳಕಿದ್ದರೆ ಯಾರು ಗೆಲ್ಲುತ್ತಿದ್ದಿರಿ ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ಇಬ್ಬರಿಗೂ ಕಿವಿ ಮಂದ, ಆದರೆ ಅಷ್ಟು ಮಂದವಲ್ಲ. ಮುತ್ಯಾ ಚಹಾದ ಬಸಿ ಅವನ ಕಡೆ ಸರಿಸಿದ. ಅವನು ಚಹಾ ಕುಡಿದು, ಕೊನೇ ಬಸ್ಸು ತಪ್ಪೀತೆಂದು ಎದ್ದ.