ಜೋಗದ ಗುಂಡಿಯೊಳಗಿನ ಬಳೆ

ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡಿಗೆ ನಾವೆಲ್ಲ ಒಂದೇ ಚಿತ್ರ ಬರೀತಿದ್ವಿ. ಎರಡು ಗುಡ್ಡ, ನಡುವೆ ಸೂರ್ಯ, ಅದರ ಮೇಲೆ ಏಳು ಬಣ್ಣದ ಕಾಮನಬಿಲ್ಲು. ಸೂರ್ಯ ಮತ್ತು ಕಾಮನಬಿಲ್ಲು ಒಂದೇ ದಿಕ್ಕಿನಲ್ಲಿ ಇರೋಕೆ ಸಾಧ್ಯವೇ ಇಲ್ಲ. ಬಿಲ್ಲು ಕಾಣಬೇಕಾದ್ರೆ ಸೂರ್ಯ ಬೆನ್ನ ಹಿಂದೆ ಇರಬೇಕು. ಆದರೂ ಇವತ್ತಿಗೂ ಮಕ್ಕಳು ಅದೇ ಚಿತ್ರ ಬರೀತಾರೆ, ನಾವೂ ಚೆಂದ ಇದೆ ಅಂತೀವಿ.

ನಮ್ಮಜ್ಜ ಹೇಳೋ ಕಾಮನಬಿಲ್ಲು ಇದ್ಯಾವುದರ ಥರಾನೂ ಅಲ್ಲ. ಅವರ ಪ್ರಕಾರ ಅದು ಆಕಾಶದಲ್ಲೇ ಇರಲಿಲ್ಲ. "ಬಿಲ್ಲು ಮೇಲೆ ಇತ್ತಿಲ್ಲೆ ತಮಾ, ಕಾಲಡಿಗೆ ಇತ್ತು. ಬಳೆ ಹಾಂಗೆ ಇತ್ತು. ಬಿಸಿಲು ಬೆನ್ನಿಗೆ ಹೊಡೀತಿತ್ತು" ಅಂತ ಅವರ ವರ್ಣನೆ. ಜೋಗದಲ್ಲಿ, ಮೈಸೂರು ಕಡೆಯ ದಂಡೆಯ ಮೇಲೆ ನಿಂತು ನೋಡಿದ್ದಂತೆ. ಆಗ ಅವರಿಗೆ ಹದಿನೆಂಟೋ ಹತ್ತೊಂಬತ್ತೋ. ಅಂದ್ರೆ 1956-57ರ ಸುಮಾರು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಶರಾವತಿಯ ಈಚೆ ದಂಡೆ ಮುಂಬಯಿ, ಆಚೆ ದಂಡೆ ಮೈಸೂರು. ಜೋಗದ ಎರಡು ಬದಿಗೆ ಬಾಂಬೆ ಬಂಗಲೆ, ಮೈಸೂರು ಬಂಗಲೆ ಅಂತ ಹೆಸರು ಬಂದಿದ್ದೂ ಅದಕ್ಕೇ. ಅಜ್ಜ ಈಗಲೂ "ಮೈಸೂರು ಕಡೆ" ಅಂತಲೇ ಹೇಳೋದು.

ಅಜ್ಜನಿಗೆ ಈಗೀಗ ಮರೆವು ಜಾಸ್ತಿ. ಊಟ ಆಯ್ತಾ ಅಂತ ಅರ್ಧ ಗಂಟೆಯಲ್ಲಿ ಮೂರು ಸಲ ಕೇಳ್ತಾರೆ. ನನ್ನನ್ನ ಒಮ್ಮೊಮ್ಮೆ ದೊಡ್ಡಪ್ಪನ ಹೆಸರು ಹಿಡಿದು ಕರೀತಾರೆ. ಹಾಗಾಗಿ ಅವರು ಏನು ಹೇಳಿದ್ರೂ ಮನೆಯವರೆಲ್ಲ ಹೂಂ ಹೂಂ ಅಂದು ಕೆಲಸಕ್ಕೆ ಹೋಗ್ತಾರೆ. ದುಂಡಗಿನ ಕಾಮನಬಿಲ್ಲಿನ ಕಥೆಗಂತೂ ದೊಡ್ಡಪ್ಪ "ಅಪ್ಪಯ್ಯಂಗೆ ಅರಳುಮರಳು ಆತು" ಅಂತ ನಗಾಡ್ತಿದ್ರು, ಅದೂ ಅಜ್ಜನ ಎದುರಿಗೇ. ಅಜ್ಜನಿಗೆ ಮರೆವು ಇರಬಹುದು, ಕಿವಿ ಚೆನ್ನಾಗಿಯೇ ಇದೆ. ಅವತ್ತಿಂದ ಅವರು ಆ ಕಥೆ ಹೇಳೋದನ್ನ ನಿಲ್ಲಿಸಿಬಿಟ್ರು. ನನಗೆ ಬೇಜಾರಾಗಿದ್ದು ಅದಕ್ಕೆ. ಒಬ್ಬ ಮನುಷ್ಯನ ಮಾತನ್ನೆಲ್ಲ ಒಟ್ಟಿಗೇ ರದ್ದಿಗೆ ಹಾಕೋ ಮುಂಚೆ ಒಂದನ್ನಾದ್ರೂ ಪರೀಕ್ಷೆ ಮಾಡಿ ನೋಡಬೇಡವೇ?

ಪರೀಕ್ಷೆ ಮಾಡೋದು ಕಷ್ಟವೇನಲ್ಲ. ಸೂರ್ಯನ ಬೆಳಕು ನೀರಿನ ಹನಿಯೊಳಗೆ ಹೋಗಿ, ಬಾಗಿ, ಹಿಂಬದಿಗೆ ಬಡಿದು ವಾಪಸ್ ಬರುತ್ತಲ್ಲ, ಅದು ಹೆಚ್ಚಾಗಿ ಬರೋದು ಒಂದು ನಿರ್ದಿಷ್ಟ ಕೋನದಲ್ಲಿ. ಕೆಂಪಿಗೆ ಸುಮಾರು 42 ಡಿಗ್ರಿ, ನೇರಳೆಗೆ ಸುಮಾರು 40. ಫ್ರಾನ್ಸಿನ ದೆಕಾರ್ತ್ 1637ರಲ್ಲೇ ಈ ಲೆಕ್ಕ ಹಾಕಿ ಪ್ರಕಟಿಸಿದ್ದ. ನಿಮ್ಮ ತಲೆಯ ನೆರಳು ಎಲ್ಲಿ ಬೀಳತ್ತೋ ಅದು ಕೇಂದ್ರ. ಅಲ್ಲಿಂದ 42 ಡಿಗ್ರಿ ದೂರದಲ್ಲಿ ಸುತ್ತಲೂ ಬಿಲ್ಲು. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದ್ರೆ ಒಂದು ಗೇಣು ಹೆಚ್ಚುಕಮ್ಮಿ 20 ಡಿಗ್ರಿ. ಹಾಗಾಗಿ ನೆರಳಿನಿಂದ ಎರಡು ಗೇಣು ಅಂತ ನೆನಪಿಟ್ಟುಕೊಂಡ್ರೆ ಸಾಕು.

ಅಂದ್ರೆ ಬಿಲ್ಲು ನಿಜಕ್ಕೂ ಬಿಲ್ಲೇ ಅಲ್ಲ, ಪೂರ್ತಿ ಬಳೆಯೇ. ಬಯಲಲ್ಲಿ ನಿಂತವರಿಗೆ ಅರ್ಧಕ್ಕಿಂತ ಕೆಳಗಿನ ಭಾಗವನ್ನ ನೆಲ ನುಂಗಿಬಿಡತ್ತೆ, ಅಷ್ಟೇ. ಕಾಲಡಿಗೆ ನೆಲದ ಬದಲು 253 ಮೀಟರ್ ಆಳದ ಗುಂಡಿ ಇದ್ದು, ಅದರ ತುಂಬ ತುಂತುರು ಎದ್ದಿದ್ರೆ? ಆಗ ಕೆಳಗಿನ ಭಾಗವೂ ಕಾಣಲೇಬೇಕು. ಅಜ್ಜ ಹೇಳಿದ್ದೂ ಅದನ್ನೇ ಅಲ್ವಾ!

ಇನ್ನೊಂದು ಮಜಾ ನೋಡಿ. "ಬಿಲ್ಲು ಕಾಲಡಿಗೆ ಇತ್ತು" ಅನ್ನೋ ಒಂದು ಮಾತಿನಿಂದ ಗಂಟೆಯನ್ನೂ ಹೇಳಬಹುದು. ಸೂರ್ಯ ಎಷ್ಟು ಮೇಲಿರ್ತಾನೋ ಬಳೆಯ ಕೇಂದ್ರ ಅಷ್ಟೇ ಕೆಳಗಿರತ್ತೆ. ಸೂರ್ಯ 40 ಡಿಗ್ರಿ ಎತ್ತರದಲ್ಲಿದ್ರೆ ಬಳೆಯ ತುದಿ ನಮ್ಮ ಕಣ್ಣಿನ ಮಟ್ಟಕ್ಕೆ ಬಂದು, ಉಳಿದದ್ದೆಲ್ಲ ಗುಂಡಿಯೊಳಗೆ. ಸಂಜೆ ಆದ ಹಾಗೆ ಸೂರ್ಯ ಇಳೀತಾನೆ, ಬಿಲ್ಲು ಏರತ್ತೆ. ಅಕ್ಟೋಬರ್ ಮೊದಲ ಭಾಗದಲ್ಲಿ ನಮ್ಮ ಕಡೆ ಸೂರ್ಯ 40 ಡಿಗ್ರಿಗೆ ಬರೋದು ಮಧ್ಯಾಹ್ನ ಮೂರೂವರೆ ಆಸುಪಾಸಿಗೆ. ನಾನು ಅಜ್ಜನ ಹತ್ರ ಸುಮ್ಮನೆ ಕೇಳಿದೆ, ಜೋಗಕ್ಕೆ ಎಷ್ಟು ಹೊತ್ತಿಗೆ ಹೋಗಿದ್ರಿ ಅಂತ. "ಊಟ ಮುಗಿಸಿ, ಒಂದು ಕವಳ ಹಾಕ್ಯಂಡು" ಅಂದ್ರು. ನನಗೆ ಅಷ್ಟು ಸಾಕಾಗಿತ್ತು.

ಉಳಿದಿದ್ದು ನೀರು. ಜೋಗದಲ್ಲಿ ದೊಡ್ಡ ತಾಪತ್ರಯ ಅಂದ್ರೆ ಅದೇ. ಜುಲೈ ಆಗಸ್ಟ್‌ನಲ್ಲಿ ನೀರಿರತ್ತೆ, ಬಿಸಿಲಿರಲ್ಲ. ಮಂಜು ಮುಚ್ಚಿ ರಾಜ, ರೋರರ್, ರಾಕೆಟ್, ರಾಣಿ ನಾಲ್ವರೂ ನಾಪತ್ತೆ, ಬರೀ ಸದ್ದು. ಬೇಸಿಗೆಯಲ್ಲಿ ಬೇಕಾದಷ್ಟು ಬಿಸಿಲು, ಬಂಡೆಗೆ ನೂಲು ಕಟ್ಟಿದ ಹಾಗೆ ನೀರು. 1948ರಲ್ಲಿ ಮೊದಲ ವಿದ್ಯುತ್ ಕೇಂದ್ರ ಶುರುವಾಯ್ತು. ಆಮೇಲೆ 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಜೋಗದಲ್ಲಿ ಧುಮುಕಬೇಕಾದ ನೀರಿನ ದೊಡ್ಡ ಪಾಲು ತಳಕಳಲೆ ಕಡೆಗೆ ತಿರುಗಿ, ಕೊಳವೆಯಲ್ಲಿ ಇಳಿದು, 1035 ಮೆಗಾವ್ಯಾಟ್ ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸಿ ಕೆಳಗೆ ಮತ್ತೆ ನದಿಗೆ ಸೇರತ್ತೆ. ಇದನ್ನ ನಾನು ದೂರು ಅಂತ ಹೇಳ್ತಿಲ್ಲ. ಬೆಂಗಳೂರಿನಲ್ಲಿ ದಿನಾ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಅನ್ನ ತಿನ್ನೋ ನಾನು ಯಾವ ಬಾಯಲ್ಲಿ ದೂರು ಹೇಳಲಿ? ಆದರೆ ಅಜ್ಜ ನೋಡಿದ್ದು ಲಿಂಗನಮಕ್ಕಿಗಿಂತ ಮುಂಚಿನ ಜೋಗ ಅನ್ನೋದನ್ನ ಮರೆಯೋ ಹಾಗಿಲ್ಲ. ಈಗ ನಮಗೆ ಸಿಗೋದು ಮಳೆಗಾಲದ ಕೊನೆಯ ಕೆಲವೇ ದಿನ, ಬಿಸಿಲೂ ನೀರೂ ಒಟ್ಟಿಗೆ ಇರೋ ದಿನ.

2024ರ ದಸರೆ ರಜೆಗೆ ಊರಿಗೆ ಹೋದಾಗ ಹೊರಟ್ವಿ. ಜೊತೆಗೆ ಇಂಜಿನಿಯರಿಂಗ್ ಓದುವಾಗಿನ ಇಬ್ಬರು ಗೆಳೆಯರು, ಒಬ್ಬ ಭಟ್ಕಳದವನು, ಇನ್ನೊಬ್ಬ ಕುಮಟಾದವನು. ನಮ್ಮ ಮೂವರದ್ದು ಕಾಲೇಜಿಂದ ಒಂದೇ ಜಗಳ. ಕುಮಟಾದವನಿಗೆ ಯಾಣ ಇದೆ, ಭಟ್ಕಳದವನಿಗೆ ಮುರ್ಡೇಶ್ವರ ಇದೆ, ನಿಂಗೆ ಹೊನ್ನಾವರದಲ್ಲಿ ಎಂತ ಇದೆಯೋ ಅಂತ. ಜೋಗ ನಮ್ಮದು ಅಂತೀನಿ ನಾನು. ಅದು ನಿಮ್ಮ ತಾಲ್ಲೂಕಲ್ಲೇ ಇಲ್ಲ ಮಾರಾಯ ಅಂತಾರೆ. ಅಲ್ಲಿ ಬಿದ್ದ ನೀರು ಕೊನೆಗೆ ಸಮುದ್ರ ಸೇರೋದು ಎಲ್ಲಿ, ಹೊನ್ನಾವರದಲ್ಲೇ ತಾನೆ? ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಮಾವಿನಗುಂಡಿ ತನಕವೂ ಈ ವಾದ ನಡೀತು.

ಮೂರು ಗಂಟೆಗೆ ದಂಡೆಯ ಮೇಲಿದ್ವಿ. ನೀರು ಬಹಳ ಅಲ್ಲ, ಕಮ್ಮಿಯೂ ಅಲ್ಲ. ಮೋಡ ಸೂರ್ಯನನ್ನ ಮುಚ್ಚೋದು ಬಿಡೋದು ಮಾಡ್ತಿತ್ತು. ಸುತ್ತ ಇದ್ದ ಜನ ಸೆಲ್ಫಿ ತೆಗೆದು, ಜೋಳ ತಿಂದು ವಾಪಸ್ ಹೋಗ್ತಿದ್ರು. ಮೂರೂ ಇಪ್ಪತ್ತಕ್ಕೆ ಮೋಡ ಸರೀತು. ಮೊದಲು ಏನೂ ಇಲ್ಲ. ಆಮೇಲೆ ಕೆಳಗಿಂದ ತುಂತುರು ಗಾಳಿಗೆ ಮೇಲೆದ್ದು ಬಂತು ನೋಡಿ, ಗುಂಡಿಯ ಆಳದಲ್ಲಿ ಬಣ್ಣ ಹೊತ್ತಿಕೊಳ್ತು. ಬಲಗಡೆ ಒಂದು ತುಂಡು, ಎಡಗಡೆ ಇನ್ನೊಂದು. ನಿಧಾನ ಎರಡೂ ಸೇರಿ ಮೇಲೆ ಕಮಾನು, ಕೆಳಗೆ ನಮ್ಮ ಕಾಲಿನ ಕಡೆಗೆ ಒಳಬಾಗಿ ಬರ್ತಾ... ಪೂರ್ತಿ ಬಳೆ ಅಲ್ಲ, ಮುಕ್ಕಾಲು ಬಳೆ. ಕಾಲಡಿಯ ಬಂಡೆ ಅಡ್ಡ ಬಂದಲ್ಲಿ ಮಾತ್ರ ಒಡೆದಿತ್ತು.

ಕುಮಟಾದವನು "ಬಿಲ್ಲು ರಾಜನ ಮುಂದಿದ್ಯೋ ಹಿಂದಿದ್ಯೋ?" ಅಂತ ಕೇಳಿದ. ಎಲ್ಲೂ ಇಲ್ಲ. ಅದೊಂದು ವಸ್ತುವಲ್ಲ, ದಿಕ್ಕು. ಅವನು ನೋಡ್ತಿರೋ ಬಣ್ಣ ಬರ್ತಿರೋದು ಬೇರೆ ಹನಿಗಳಿಂದ, ನಾನು ನೋಡ್ತಿರೋದು ಬೇರೆ ಹನಿಗಳಿಂದ. ಪಕ್ಕಪಕ್ಕ ನಿಂತ ನಮಗೆ ಮೂವರಿಗೂ ಮೂರು ಬಿಲ್ಲು, ಕ್ಯಾಮೆರಾದ್ದು ನಾಲ್ಕನೆಯದು. ಇದನ್ನ ಕೇಳಿ ಭಟ್ಕಳದವನು ನಾಲ್ಕು ಹೆಜ್ಜೆ ಆಚೆ ನಡೆದು, "ಹೌದೋ, ನಂದು ನನ್ ಜೊತೆಗೇ ಬಂತು" ಅಂತ ಕೂಗಿದ.

ಫೋಟೋ ತೆಗೆಯೋರಿಗೆ ಎರಡು ಮಾತು. ಪೂರ್ತಿ ಬಳೆ ಅಡ್ಡಕ್ಕೆ 84 ಡಿಗ್ರಿ ಅಗಲ. ಕ್ಯಾಮೆರಾ ಜೊತೆ ಬರೋ 18-55 ಲೆನ್ಸಿನಲ್ಲಿ ಅದು ಹಿಡಿಯಲ್ಲ, ಇನ್ನೂ ಅಗಲದ್ದು ಬೇಕು. ಇಲ್ಲದಿದ್ರೆ ಫೋನಿನ ಅಲ್ಟ್ರಾವೈಡ್ ಆದೀತು. ಎರಡನೆಯದು, ಪೋಲರೈಸರ್ ಫಿಲ್ಟರ್ ಬಿಚ್ಚಿಡಿ. ಬಿಲ್ಲಿನ ಬೆಳಕು ಬಳೆಯ ಅಂಚಿನ ಗುಂಟ ಧ್ರುವೀಕರಣ ಆಗಿರತ್ತೆ. ಆಕಾಶದ ಸಣ್ಣ ತುಂಡು ಬಿಲ್ಲಿಗೆ ಫಿಲ್ಟರ್ ತಿರುಗಿಸಿದ್ರೆ ಬಣ್ಣ ಗಾಢ ಬರತ್ತೆ ಸರಿ, ಆದರೆ ಮುಕ್ಕಾಲು ಬಳೆಗೆ ಹಾಕಿದ್ರೆ ನೆತ್ತಿ ಗಾಢ ಆಗುವಾಗ ಎರಡೂ ಪಕ್ಕ ಅಳಿಸಿ ಹೋಗತ್ತೆ. ನಾನು ಬರಿ ಲೆನ್ಸಿನಲ್ಲೇ, ಒರೆಸಿ ಒರೆಸಿ, ಅರವತ್ತು ಚಿಲ್ಲರೆ ಫೋಟೋ ತೆಗೆದೆ. ಒಂಬತ್ತು ಚೆನ್ನಾಗಿ ಬಂದವು. ನಾಲ್ಕೂವರೆಗೆ ನೋಡಿದ್ರೆ ಬಿಲ್ಲು ಏರಿ ಅಂಚಿನ ಕಾಡಿನ ಮೇಲೆ ಬಂದಿತ್ತು, ಎಲ್ಲರೂ ಹಾಕೋ ಫೋಟೋದ ಥರ.

ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅಜ್ಜನ ಮುಂದೆ ಇಟ್ಟೆ. ಏನು ಅಂತ ಹೇಳಲಿಲ್ಲ. ಆಯಿಯೂ ಕೈ ಒರೆಸ್ತಾ ಬಂದು ನಿಂತ್ರು. ಅಜ್ಜ ಕನ್ನಡಕ ಸರಿ ಮಾಡಿ ತುಂಬಾ ಹೊತ್ತು ನೋಡಿದ್ರು.

"ಇದೇಯಾ" ಅಂದ್ರು. ಆಮೇಲೆ, "ನೀರು ಕಮ್ಮಿ ಇದ್ದು."

ದೊಡ್ಡಪ್ಪ ಏನೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಒಂಬತ್ತೂ ಫೋಟೋ ನೋಡಿದ್ರು, ಮತ್ತೆ ಮೊದಲಿಂದ ನೋಡಿದ್ರು. ಆಮೇಲೆ ಅಜ್ಜನ ಕಡೆ ತಿರುಗಿ, "ಅಪ್ಪಯ್ಯಾ, ಮತ್ತೆ ಎಂತ ಕಂಡಿತ್ತು ಅಲ್ಲಿ?" ಅಂತ ಕೇಳಿದ್ರು. ನಗಾಡೋಕೆ ಅಲ್ಲ, ತಿಳ್ಕೊಳ್ಳೋಕೇ ಕೇಳಿದ್ದು. ಅಂಥ ಪ್ರಶ್ನೆಯನ್ನ ಅಜ್ಜನ ಹತ್ರ ನಮ್ಮನೇಲಿ ಯಾರಾದ್ರೂ ಕೇಳಿ ಎಷ್ಟು ವರ್ಷ ಆಗಿತ್ತೋ.

ಅಜ್ಜ ಸ್ವಲ್ಪ ಯೋಚನೆ ಮಾಡಿ ನನ್ನ ಕೇಳಿದ್ರು. "ಹೊರಬದಿಗೆ ಇನ್ನೊಂದು ಇತ್ತಲಾ, ಮಾಸಲು? ಬಣ್ಣ ಎಲ್ಲ ತಿರುಗಾಮುರುಗಾ? ಅದು ಬಂಜಿಲ್ಯಾ?"

ಎರಡನೇ ಬಿಲ್ಲು! ಹನಿಯೊಳಗೆ ಬೆಳಕು ಎರಡು ಸಲ ಬಡಿದು ಹೊರಬಂದಾಗ, ಮೊದಲನೆಯದರ ಆಚೆ, ಸುಮಾರು 51 ಡಿಗ್ರಿಯಲ್ಲಿ ಮೂಡೋದು. ಅದರಲ್ಲಿ ಕೆಂಪು ಒಳಗೆ, ನೇರಳೆ ಹೊರಗೆ. ತುಂಬ ತುಂತುರು ಇದ್ರೆ ಮಾತ್ರ ಕಣ್ಣಿಗೆ ಬೀಳೋವಷ್ಟು ಮಸುಕು. ನಮ್ಮ ಮೂವರಲ್ಲಿ ಯಾರಿಗೂ ಅವತ್ತು ಅದು ಕಾಣಲಿಲ್ಲ. ಊಟ ಮಾಡಿದ್ದು ನೆನಪಿಲ್ಲದ ಅಜ್ಜ, ಬಣ್ಣ ಯಾವ ಕಡೆಯಿಂದ ಯಾವ ಕಡೆಗೆ ಇತ್ತು ಅನ್ನೋದನ್ನ ಅರವತ್ತೇಳು ಅರವತ್ತೆಂಟು ವರ್ಷ ಇಟ್ಟುಕೊಂಡಿದ್ರು.

ಅದಕ್ಕೆ ನೀರು ಇನ್ನೂ ಜಾಸ್ತಿ ಬೇಕು, ಲೆನ್ಸು ಇನ್ನೂ ಅಗಲ ಬೇಕು. ದೊಡ್ಡಪ್ಪ ಮುಂದಿನ ಸಲ ತಾನೂ ಬರ್ತೀನಿ ಅಂದಿದ್ದಾರೆ.